ಕಂಬಳಿಯ ಗೋಡೆ, ಕಂಪನಿಯ ಪರದೆ

ಕನ್ನಡದ ಪ್ರೇಮಹಾಸ್ಯ ಚಿತ್ರಗಳ ಮಾತು ಬಂದಾಗಲೆಲ್ಲ ಒಂದು ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಇವೆಲ್ಲ ಹಾಲಿವುಡ್ಡಿನ ಸರಕು, ಮುಂಬಯಿಯಲ್ಲಿ ಬಣ್ಣ ಬಳಿಸಿಕೊಂಡು ಬೆಂಗಳೂರಿಗೆ ಬಂದವು. ತೀರ್ಪಿಗೆ ಆಧಾರವೂ ಉಂಟು. 1934ರ ಫೆಬ್ರುವರಿಯಲ್ಲಿ ತೆರೆಕಂಡ, ಫ್ರಾಂಕ್ ಕಾಪ್ರಾ ನಿರ್ದೇಶನದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಕೋಟ್ಯಧೀಶನ ಹಟಮಾರಿ ಮಗಳೊಬ್ಬಳು ಅಪ್ಪನ ವಿಹಾರನೌಕೆಯಿಂದ ನೀರಿಗೆ ಹಾರಿ ತಪ್ಪಿಸಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಅವಳ ಪಕ್ಕ ಕೂತವನು ಕೆಲಸ ಕಳೆದುಕೊಂಡ ಪತ್ರಕರ್ತ. ದಾರಿಯುದ್ದ ಜಗಳ, ಕೊನೆಗೆ ಮದುವೆ. ಅದೇ ಕಥೆ 1956ರಲ್ಲಿ ರಾಜ್ ಕಪೂರ್–ನರ್ಗಿಸ್ ಜೋಡಿಯ ‘ಚೋರಿ ಚೋರಿ’ ಆಯಿತು, 1991ರಲ್ಲಿ ‘ದಿಲ್ ಹೈ ಕೆ ಮಾನ್ತಾ ನಹೀಂ’ ಆಯಿತು, 2007ರಲ್ಲಿ ಗಣೇಶ್ ನಟಿಸಿದ ‘ಹುಡುಗಾಟ’ವಾಗಿ ಕನ್ನಡಕ್ಕೂ ಬಂತು. ಸರಪಳಿ ಇಷ್ಟು ಸ್ಪಷ್ಟವಿರುವಾಗ ಇನ್ನೇನು ವಾದ ಎನ್ನಬಹುದು. ಆದರೆ ಇಂಥದೇ ಸಿರಿವಂತರ ಗರ್ವಿಷ್ಠ ಮಗಳ ಕಥೆ 1974ರಲ್ಲಿ ರಾಜಕುಮಾರ್–ಮಂಜುಳಾ ಜೋಡಿಯ ‘ಸಂಪತ್ತಿಗೆ ಸವಾಲ್’ ಆಗಿ ಬಂದಾಗ ಅದರ ಬೇರು ಅಮೆರಿಕದಲ್ಲಿರಲಿಲ್ಲ, ಹುನಗುಂದ ಸೀಮೆಯ ಸೂಳೇಬಾವಿಯಲ್ಲಿತ್ತು. ಆ ಊರಿನ ಪಿ.ಬಿ. ಧುತ್ತರಗಿಯವರ ಅದೇ ಹೆಸರಿನ ಕಂಪನಿ ನಾಟಕವನ್ನು ಎ.ವಿ. ಶೇಷಗಿರಿರಾವ್ ತೆರೆಗೆ ತಂದಿದ್ದರು. ಹಾಲಿವುಡ್ಡಿನ ಆರಂಭಕಾಲದ ಪ್ರೇಮಹಾಸ್ಯ ನಮಗೆ ಯಾಕೆ ಇಷ್ಟು ಪರಿಚಿತ ಎನಿಸುತ್ತದೆ ಎಂಬುದಕ್ಕೆ ಮುಂಬಯಿಯ ಸರಪಳಿಗಿಂತ ಈ ಎರಡನೇ ದಾರಿಯೇ ಹೆಚ್ಚು ಉತ್ತರ ಕೊಡುತ್ತದೆ. ಗದಗ, ಶಿರಹಟ್ಟಿ, ಹುಬ್ಬಳ್ಳಿಗಳ ಕಂಪನಿ ನಾಟಕವಾಗಲಿ ಹಾಲಿವುಡ್ಡಾಗಲಿ ಒಂದನ್ನೊಂದು ನೋಡಿ ಕಲಿತು ಇಂಥ ಕಥೆಗೆ ಬಂದದ್ದಲ್ಲ. ಎರಡಕ್ಕೂ ಪ್ರೇಮವನ್ನು ನೇರವಾಗಿ ತೋರಿಸುವ ಅನುಮತಿ ಇರಲಿಲ್ಲ. ತೋರಿಸಲಾಗದ್ದನ್ನು ಎರಡೂ ಜಗಳವಾಡಿಸಿ ಹೇಳಿದವು.

ಹಾಲಿವುಡ್ಡಿನ ನಿರ್ಬಂಧ ಅಚ್ಚಾದ ಕಾಗದದ ಮೇಲೆಯೇ ಇತ್ತು. ಡೇನಿಯಲ್ ಲಾರ್ಡ್ ಎಂಬ ಜೆಸ್ಯುಯಿಟ್ ಪಾದ್ರಿ ಮತ್ತು ಮಾರ್ಟಿನ್ ಕ್ವಿಗ್ಲಿ ಎಂಬ ಪತ್ರಿಕಾ ಪ್ರಕಾಶಕ ಸೇರಿ ರೂಪಿಸಿದ ನೀತಿಸಂಹಿತೆಯನ್ನು ಸ್ಟುಡಿಯೋಗಳ ಒಕ್ಕೂಟ 1930ರಲ್ಲಿ ಒಪ್ಪಿಕೊಂಡಿತು. ಒಕ್ಕೂಟದ ಮುಖ್ಯಸ್ಥ ವಿಲ್ ಹೇಯ್ಸ್ ಆದ್ದರಿಂದ ಅದು ಹೇಯ್ಸ್ ಸಂಹಿತೆ ಎಂದೇ ಹೆಸರಾಯಿತು. ಮೊದಲ ನಾಲ್ಕು ವರ್ಷ ಅದನ್ನು ಯಾರೂ ಹೆಚ್ಚು ಲೆಕ್ಕಕ್ಕಿಡಲಿಲ್ಲ. ಕ್ಯಾಥೊಲಿಕ್ ಸಂಘಟನೆಗಳು ಸಿನಿಮಾ ಬಹಿಷ್ಕಾರದ ಬೆದರಿಕೆ ಹಾಕಿದ ಮೇಲೆ 1934ರ ಜುಲೈಯಿಂದ ಒಕ್ಕೂಟದ ಸೆನ್ಸಾರ್ ಅಧಿಕಾರಿ ಜೋಸೆಫ್ ಬ್ರೀನ್ ಕಚೇರಿಯ ಮುದ್ರೆ ಇಲ್ಲದ ಚಿತ್ರವನ್ನು ಬಿಡುಗಡೆ ಮಾಡುವಂತಿಲ್ಲ, ಮಾಡಿದರೆ 25,000 ಡಾಲರ್ ದಂಡ ಎಂಬ ಕಟ್ಟಳೆ ಬಂತು. ಮದುವೆಯ ಪಾವಿತ್ರ್ಯಕ್ಕೆ ಧಕ್ಕೆ ಬರಬಾರದು, ವ್ಯಭಿಚಾರವನ್ನು ಆಕರ್ಷಕವಾಗಿ ತೋರಿಸಬಾರದು, ಮಿತಿಮೀರಿದ ಚುಂಬನ ಕೂಡದು. ಇಷ್ಟನ್ನೆಲ್ಲ ಕಿತ್ತುಕೊಂಡ ಮೇಲೆ ಪ್ರೇಮಿಗಳ ಬಳಿ ಉಳಿದದ್ದು ಬಾಯಿ ಒಂದೇ. ಅದಕ್ಕೆ ಸರಿಯಾಗಿ, 1927ರ ನಂತರ ಮಾತು ಬಂದ ಸಿನಿಮಾಕ್ಕೆ ಮಾತು ಬರೆಯುವವರು ಬೇಕಾಗಿ ನ್ಯೂಯಾರ್ಕಿನ ನಾಟಕಕಾರರೂ ಪತ್ರಕರ್ತರೂ ಹಾಲಿವುಡ್ಡಿನಲ್ಲಿ ಬಂದು ಸೇರಿದ್ದರು. ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮೆಕಾರ್ಥರ್ ಬರೆದ 1928ರ ರಂಗನಾಟಕವೊಂದರಲ್ಲಿ ಸಂಪಾದಕ ಮತ್ತು ವರದಿಗಾರ ಇಬ್ಬರೂ ಗಂಡಸರು. ಹೊವರ್ಡ್ ಹಾಕ್ಸ್ ಆ ವರದಿಗಾರನನ್ನು ಹೆಂಗಸಾಗಿಸಿ, ಸಂಪಾದಕನ ಮಾಜಿ ಹೆಂಡತಿಯಾಗಿಸಿದ ಕೂಡಲೇ 1940ರ ‘ಹಿಸ್ ಗರ್ಲ್ ಫ್ರೈಡೇ’ ಹುಟ್ಟಿತು. ಅಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಮೇಲೆ ಬೀಳುತ್ತಾರೆ. ಅಪ್ಪುಗೆ ಮಾಡಬೇಕಿದ್ದ ಕೆಲಸವನ್ನು ಆ ಮಾತಿನ ವೇಗ ಮಾಡುತ್ತದೆ. ಸಿನಿಮಾದ ಸ್ವಂತ ಸೃಷ್ಟಿ ಎಂದು ಹೊಗಳಿಸಿಕೊಳ್ಳುವ ಈ ಪ್ರಕಾರದ ಅರ್ಧ ಜೀವ ರಂಗಭೂಮಿಯಿಂದಲೇ ಬಂದದ್ದು ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು.

ನಿರ್ಬಂಧದಿಂದ ಕಲೆ ಹುಟ್ಟಿತು ಎಂಬ ಮಾತಿಗೆ ಇತಿಹಾಸ ಬಲ್ಲವರು ತಕ್ಷಣ ಅಡ್ಡ ಬರುತ್ತಾರೆ, ಬರಬೇಕು ಕೂಡ. ಕಾಪ್ರಾನ ಚಿತ್ರ ಬಿಡುಗಡೆಯಾದದ್ದು ಬ್ರೀನ್ ಕಚೇರಿ ಬಿಗಿಯಾಗುವುದಕ್ಕೆ ನಾಲ್ಕು ತಿಂಗಳು ಮೊದಲು. ಅದಕ್ಕಿಂತ ದೊಡ್ಡ ಅಡ್ಡಿ ನಿರ್ದೇಶಕ ಎರ್ನ್ಸ್ಟ್ ಲುಬಿಚ್. ಕಳ್ಳ–ಕಳ್ಳಿಯರ ಸರಸವನ್ನು ಕುರಿತ ಅವನ 1932ರ ‘ಟ್ರಬಲ್ ಇನ್ ಪ್ಯಾರಡೈಸ್’ ಯಾವ ಮುದ್ರೆಯ ಹಂಗೂ ಇಲ್ಲದೆ ತಯಾರಾಯಿತು, 1935ರಲ್ಲಿ ಮರುಬಿಡುಗಡೆಗೆ ಕೇಳಿದಾಗ ಅನುಮತಿಯೇ ಸಿಗಲಿಲ್ಲ. ಆದರೂ ಆ ಕಾಲದ ಅತಿ ನಾಜೂಕಿನ ಪ್ರೇಮಹಾಸ್ಯ ಅದೇ ಎನ್ನುವವರಿದ್ದಾರೆ. ನಾನೂ ಅಲ್ಲಗಳೆಯಲಾರೆ. ಆದರೆ ಲುಬಿಚ್ ಆ ಸ್ವಾತಂತ್ರ್ಯವನ್ನು ಏನು ಮಾಡಿದ ಎಂಬುದನ್ನು ನೋಡಿ. ಮುಚ್ಚಿದ ಬಾಗಿಲು ತೋರಿಸಿದ, ಹಾಸಿಗೆಯ ಮೇಲೆ ಬಿದ್ದ ಎರಡು ನೆರಳು ತೋರಿಸಿದ, ಗಡಿಯಾರದ ಮುಳ್ಳು ತೋರಿಸಿದ. ತೋರಿಸಬಹುದಾಗಿದ್ದರೂ ತೋರಿಸದೆ ಉಳಿದ. ಕಾಪ್ರಾನದೂ ಅದೇ ಕತೆ: ರಾತ್ರಿ ಒಂದೇ ಕೋಣೆಯಲ್ಲಿ ತಂಗಬೇಕಾಗಿ ಬಂದಾಗ ನಾಯಕ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ, ಅದಕ್ಕೆ ಬೈಬಲ್ಲಿನ ಜೆರಿಕೋ ಕೋಟೆಯ ಗೋಡೆ ಎಂದು ಹೆಸರಿಡುತ್ತಾನೆ. ಆ ಕಂಬಳಿಯ ಆಚೆ ಈಚೆ ಮಲಗಿದ ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ಬರೀ ಮಾತಾಡುತ್ತಾರೆ, ಪ್ರೇಕ್ಷಕರಿಗೆ ಅಷ್ಟು ಸಾಕಾಯಿತು. ಪ್ರಮುಖವಾದ ಐದೂ ಆಸ್ಕರ್ ಆ ಚಿತ್ರಕ್ಕೆ ಬಂದವು. ಹಾಗಾಗಿ ನನ್ನ ವಾದವನ್ನು ಕೊಂಚ ತಿದ್ದಿ ಹೇಳುವುದು ನ್ಯಾಯ: ಕಾನೂನಿನ ಪುಸ್ತಕಕ್ಕಿಂತ ಮೊದಲೇ ಅಡ್ಡಗೋಡೆಯ ಉಪಯೋಗ ಈ ಕುಶಲರಿಗೆ ಗೊತ್ತಿತ್ತು. ಬ್ರೀನ್ ಕಚೇರಿ ಮಾಡಿದ್ದು, ಜಾಣರು ಸ್ವಂತ ಇಚ್ಛೆಯಿಂದ ಮಾಡುತ್ತಿದ್ದುದನ್ನು ಸಾಧಾರಣರೂ ಕಲಿಯುವಂತೆ ಕಡ್ಡಾಯಗೊಳಿಸಿದ್ದು. ಲುಬಿಚ್‌ನಂಥವರಿಗೆ ಅದರಿಂದ ನಷ್ಟವೇ ಆಗಿರಬಹುದು, ಒಟ್ಟು ಪ್ರಕಾರಕ್ಕೆ ಆಗಲಿಲ್ಲ.

ಈಗ ಇತ್ತ ಬರೋಣ. ಸ್ವಾತಂತ್ರ್ಯ ಬರುವ ತನಕ ಶಿರಹಟ್ಟಿ ತಾಲೂಕು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿರಲಿಲ್ಲ, ಸಾಂಗಲಿಯ ಪಟವರ್ಧನರ ಸಂಸ್ಥಾನದಲ್ಲಿತ್ತು. ನಾಟಕದ ಚರಿತ್ರೆಯಲ್ಲಿ ಸಾಂಗಲಿಯ ಹೆಸರು ಬರುವುದು ಉತ್ತರ ಕನ್ನಡದ ಭಾಗವತರಿಂದಾಗಿ: 1842ರ ಸುಮಾರಿಗೆ ಅಲ್ಲಿಗೆ ಹೋದ ಅವರ ಆಟ ನೋಡಿ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಿತ ವಿಷ್ಣುದಾಸ ಭಾವೆಯವರಿಂದ ಮರಾಠಿಯಲ್ಲಿ ಅಂಥದೊಂದನ್ನು ಮಾಡಿಸಿದರು, 1843ರ ‘ಸೀತಾಸ್ವಯಂವರ’ದಿಂದ ಮರಾಠಿ ರಂಗಭೂಮಿ ಶುರುವಾಯಿತು. ಸಾಲ ಹೋದದ್ದು ಬಡ್ಡಿ ಸಮೇತ ಮರಳಿತು. ಮರಾಠಿ ಸಂಗೀತ ನಾಟಕಗಳ ದಾಳಿಗೆ ಎದುರಾಗಿ ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಆ ಮೇಲೆ ಶಿರಹಟ್ಟಿಯ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿತ ನಾಟಕ ಮಂಡಳಿ, ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಹೀಗೆ ಒಂದರ ಹಿಂದೊಂದು ಬಂದವು. ಈ ರಂಗದ ಪ್ರಿಯ ವಸ್ತುಗಳನ್ನು ಗಮನಿಸಿ. ಶಾಂತಕವಿಗಳ ‘ಉಷಾಹರಣ’ದಲ್ಲಿ ಹುಡುಗಿ ಕನಸಿನಲ್ಲಿ ಕಂಡವನನ್ನು ಗೆಳತಿ ಚಿತ್ರ ಬರೆದು ಗುರುತು ಹಚ್ಚಿ, ಶತ್ರುವಿನ ಮನೆಯಿಂದ ಅವನನ್ನು ಎತ್ತಿಕೊಂಡು ಬರುತ್ತಾಳೆ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ 1882ರ ಮರಾಠಿ ‘ಸೌಭದ್ರ’ದಲ್ಲಿ ತಂಗಿಯನ್ನು ದುರ್ಯೋಧನನಿಗೆ ಕೊಡಲು ಹೊರಟ ಬಲರಾಮ, ಸಂನ್ಯಾಸಿಯ ವೇಷದ ಅರ್ಜುನನನ್ನು ತಾನೇ ಮನೆಗೆ ಕರೆತಂದು ಸತ್ಕರಿಸುತ್ತಾನೆ. ಅಲ್ಲಿ ವೇಷ ಬದಲಿಸಿದ ಪ್ರೇಮಿ, ಒಪ್ಪದ ಹಿರಿಯ, ನಗುತ್ತ ಸೂತ್ರ ಆಡಿಸುವ ಕೃಷ್ಣ ಎಲ್ಲರೂ ಇದ್ದಾರೆ. ಪುರಾಣದ ಕಿರೀಟ ತೆಗೆದರೆ ಇದು ಶುದ್ಧ ಪ್ರೇಮಹಾಸ್ಯ, ಹಾಲಿವುಡ್ ಎಂಬ ಊರು ಸಿನಿಮಾದ ಹೆಸರು ಕೇಳುವ ಮೊದಲಿನದು.

ಕಂಪನಿಗಳಿಗೆ ಲಿಖಿತ ಸಂಹಿತೆ ಇರಲಿಲ್ಲ, ಇದ್ದದ್ದು ಅದಕ್ಕಿಂತ ಬಿಗಿಯಾದ ಎರಡು ಕಟ್ಟು. ಮೊದಲನೆಯದು, ರಂಗದ ಮೇಲಿನ ನಾಯಕಿ ಬಹುಕಾಲ ಗಂಡಸೇ ಆಗಿದ್ದ. ಮರಾಠಿಯಲ್ಲಿ ಬಾಲಗಂಧರ್ವರು ಸ್ತ್ರೀಪಾತ್ರದಿಂದಲೇ ಮನೆಮಾತಾದರು. ನಮ್ಮ ಏಣಗಿ ಬಾಳಪ್ಪನವರೂ ಹೆಣ್ಣು ಪಾತ್ರಗಳಿಂದಲೇ ಹೆಸರು ಮಾಡಿದವರು. ಹೀಗಿರುವಾಗ ಪ್ರೇಮದೃಶ್ಯದ ಭಾರವನ್ನು ಸ್ಪರ್ಶದ ಮೇಲೆ ಹಾಕುವಂತಿಲ್ಲ, ರಂಗಗೀತೆಯ ಮೇಲೆ, ಸವಾಲು–ಜವಾಬಿನ ಮೇಲೆ ಹಾಕಬೇಕು. ಎರಡನೆಯದು ಗಲ್ಲಾಪೆಟ್ಟಿಗೆ. ಬನಶಂಕರಿಯಂಥ ಜಾತ್ರೆಯಲ್ಲಿ ಕಂಪನಿಗಳು ಎದುರುಬದುರು ತಂಬು ಹಾಕಿದಾಗ ಗಂಡಸರಷ್ಟೇ ಅಲ್ಲ, ಹೆಂಗಸರು ಮಕ್ಕಳು ಮುದುಕರು ಚಕ್ಕಡಿ ಕಟ್ಟಿಕೊಂಡು ಬರಬೇಕು. ಅತ್ತೆ–ಸೊಸೆ ಒಟ್ಟಿಗೆ ಕೂತು ನೋಡಲಾಗದ ದೃಶ್ಯ ಕಂಪನಿಯನ್ನು ಮುಳುಗಿಸುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕೂ ನಾಟಕದ ಗಳಿಕೆ ಬೇಕಾಗಿ, ಪಂಚಾಕ್ಷರ ಗವಾಯಿಗಳ ಹೆಸರಿನ ನಾಟ್ಯಸಂಘವೇ ನಡೆಯಿತು ಎಂದ ಮೇಲೆ ಈ ಪ್ರೇಕ್ಷಕವರ್ಗ ಎಂಥದು ಎಂದು ಬೇರೆ ಹೇಳಬೇಕಿಲ್ಲ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಭಾರತೀಯ ಸಿನಿಮಾ ಹುಟ್ಟಿನಿಂದಲೇ ಚುಂಬನಕ್ಕೆ ಅಂಜಿತ್ತು ಎಂಬುದು ನಿಜವಲ್ಲ. 1929ರ ‘ಎ ಥ್ರೋ ಆಫ್ ಡೈಸ್’ನಲ್ಲಿ, 1933ರ ‘ಕರ್ಮ’ದಲ್ಲಿ ಚುಂಬನ ಇದೆ. 1927ರಲ್ಲಿ ಸರಕಾರ ಟಿ. ರಂಗಾಚಾರಿಯರ್ ಅಧ್ಯಕ್ಷತೆಯಲ್ಲಿ ನೇಮಿಸಿದ ಸಿನಿಮಾ ವಿಚಾರಣಾ ಸಮಿತಿ ಪಾಶ್ಚಾತ್ಯ ಚಿತ್ರಗಳ ಪ್ರೇಮದೃಶ್ಯಗಳ ಬಗ್ಗೆ ಊರೂರು ತಿರುಗಿ ಸಾಕ್ಷ್ಯ ಕೇಳಿತು, ಯಾಕೆಂದರೆ ಅಮೆರಿಕದ ಚಿತ್ರಗಳೇ ಆಗ ಇಲ್ಲಿಯ ಪರದೆಗಳನ್ನು ತುಂಬಿದ್ದವು. ಅಂದರೆ ಅನುಸರಿಸುವ ಮನಸ್ಸಿದ್ದರೆ ಮಾದರಿ ಕಣ್ಣೆದುರೇ ಇತ್ತು. ಕನ್ನಡ ವಾಕ್ಚಿತ್ರ ಅದನ್ನು ಹಿಡಿಯದೆ ಕಂಪನಿಯನ್ನು ಹಿಡಿಯಿತು. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ದ ನಟರು ರಂಗದಿಂದ ಬಂದವರು, ಮೊದಲ ಸಾಮಾಜಿಕ ಚಿತ್ರ ಎನಿಸಿದ 1936ರ ‘ಸಂಸಾರ ನೌಕೆ’, ಹಿರಿಯರ ಮಾತು ಮೀರಿ ಮದುವೆಯಾದವನ ಕಥೆ, ಮಹಮ್ಮದ್ ಪೀರ್ ಅವರ ಕಂಪನಿಯ ರಂಗದಲ್ಲಿ ಪಳಗಿದ ನಾಟಕ.

ಎರಡೂ ಕಡೆಯ ನಿರ್ಬಂಧ ಬರೀ ದೃಶ್ಯಗಳನ್ನಲ್ಲ, ಕಥೆಯ ಕಟ್ಟನ್ನೇ ರೂಪಿಸಿತು ಎಂಬುದಕ್ಕೆ ನನಗೆ ಬಲವಾಗಿ ಕಾಣುವ ಸಾಕ್ಷಿ ಮದುವೆಯ ಸ್ಥಾನ. ಅಮೆರಿಕದ ತತ್ತ್ವಜ್ಞ ಸ್ಟ್ಯಾನ್ಲಿ ಕೆವೆಲ್ 1981ರ ತನ್ನ ಪುಸ್ತಕದಲ್ಲಿ ಆ ಕಾಲದ ಏಳು ಹಾಸ್ಯಚಿತ್ರಗಳನ್ನು ಮರುಮದುವೆಯ ಹಾಸ್ಯಗಳು ಎಂದು ಕರೆದ. ‘ದಿ ಆಫುಲ್ ಟ್ರೂತ್’, ‘ಹಿಸ್ ಗರ್ಲ್ ಫ್ರೈಡೇ’, ‘ದಿ ಫಿಲಡೆಲ್ಫಿಯಾ ಸ್ಟೋರಿ’ ಮೂರರಲ್ಲಿಯೂ ನಾಯಕ ಕ್ಯಾರಿ ಗ್ರಾಂಟ್, ಮೂರರಲ್ಲಿಯೂ ಕಥೆ ವಿಚ್ಛೇದನದಿಂದ ಶುರುವಾಗಿ ಅದೇ ಹೆಂಡತಿಯಲ್ಲಿಗೆ ಮರಳುತ್ತದೆ. ಕೆವೆಲ್ ಇದರಲ್ಲಿ ಗಂಡು ಹೆಣ್ಣು ಪರಸ್ಪರ ಅರಿಯುವ ತಾತ್ತ್ವಿಕ ಪಯಣ ಕಂಡ, ಅದು ಇರಲಿ. ಇದರೊಳಗೆ ವಕೀಲರ ಜಾಣತನವೂ ಇದೆ. ಮದುವೆಯಾಗದವರ ಸಲಿಗೆ ತೋರಿಸಿದರೆ ಬ್ರೀನ್ ಕತ್ತರಿ ಹಾಕುತ್ತಾನೆ, ಮದುವೆಯಾದವರ ನಡುವೆ ಕುತೂಹಲ ಉಳಿದಿಲ್ಲ. ಒಮ್ಮೆ ಮದುವೆಯಾಗಿ ಬಿಟ್ಟವರಿಗೆ ಸಲಿಗೆಯೂ ಇದೆ, ಕುತೂಹಲವೂ ಇದೆ. ಕನ್ನಡದಲ್ಲಿ ವಿಚ್ಛೇದನ ನಗೆಯ ವಸ್ತುವಾಗುವಂತಿರಲಿಲ್ಲ. ಹಾಗಾಗಿ ನಮ್ಮವರು ಅದೇ ಗಂಟನ್ನು ಬೇರೆ ರೀತಿ ಬಿಚ್ಚಿದರು: ಒಲ್ಲದ ಮದುವೆಯನ್ನು ಮೊದಲೇ ಮಾಡಿಸಿಬಿಡು, ಪ್ರೇಮ ಆ ಮೇಲೆ ಜಗಳದಲ್ಲಿ ಹುಟ್ಟಲಿ. ಶೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ ಈ ಅಚ್ಚಿಗೆ ಹೇಳಿ ಮಾಡಿಸಿದ ನಾಟಕ. ಪರ್ವತವಾಣಿಯವರು ಅದನ್ನು ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ಒಗ್ಗಿಸಿದರು, 1976ರಲ್ಲಿ ರಾಜಕುಮಾರ್ ಅಭಿನಯದ ‘ಬಹದ್ದೂರ್ ಗಂಡು’ ಅದೇ ಜಾಡಿನಲ್ಲಿ ಬಂತು, 1989ರಲ್ಲಿ ‘ನಂಜುಂಡಿ ಕಲ್ಯಾಣ’. ಹೆಣ್ಣು ಪಾತ್ರವನ್ನು ಹುಡುಗರು ಆಡುತ್ತಿದ್ದ ಲಂಡನ್ ರಂಗದ ನಾಟಕ ಹೆಣ್ಣು ಪಾತ್ರವನ್ನು ಗಂಡಸರು ಆಡಿ ಬೆಳೆಸಿದ ರಂಗದ ನಾಡಿಗೆ ಬಂದು ಸಲೀಸಾಗಿ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿರ್ಬಂಧವನ್ನು ಇಷ್ಟು ಹೊಗಳುವಾಗ ಅದರ ಇನ್ನೊಂದು ಸಂತಾನವನ್ನು ಬಚ್ಚಿಡಬಾರದು. ಕಂಪನಿ ನಾಟಕ ಎಂದರೆ ದ್ವಂದ್ವಾರ್ಥ ಎಂಬ ದೂರು ಇಂದು ಸಾರ್ವತ್ರಿಕ, ಸುಳ್ಳೂ ಅಲ್ಲ. ನಾಯಕ–ನಾಯಕಿ ಮಾನವಂತರಾಗಿ ಹಾಡಿಕೊಂಡಿರುವಾಗ ಪಕ್ಕದ ಹಾಸ್ಯಜೋಡಿ ಆಳು–ಕೆಲಸದಾಕೆಯರ ಬಾಯಲ್ಲಿ ಎರಡರ್ಥದ ಮಾತು ಹರಿಯುತ್ತದೆ. ನೇರ ಮಾತಿಗೆ ಬಾಗಿಲು ಮುಚ್ಚಿದಾಗ ಮಾತು ಹಿತ್ತಿಲಿಂದ ಬರುತ್ತದೆ. ಹಾಲಿವುಡ್ಡಿನಲ್ಲಿಯೂ ಹಾಗೆಯೇ ಆಯಿತು, ನಟಿ ಮೇ ವೆಸ್ಟ್ ಬಾಯಲ್ಲಿ ನಿರಪಾಯದ ಸಾಲೂ ಸೆನ್ಸಾರ್ ಮಂದಿಯ ನಿದ್ದೆಗೆಡಿಸುತ್ತಿತ್ತು. ಲುಬಿಚ್‌ನ ಮುಚ್ಚಿದ ಬಾಗಿಲು ಮತ್ತು ತಂಬುವಿನ ದ್ವಂದ್ವಾರ್ಥ ಒಂದೇ ಗರ್ಭದವು ಎಂದರೆ ಇಬ್ಬರ ಅಭಿಮಾನಿಗಳಿಗೂ ಸಿಟ್ಟು ಬಂದೀತು, ಆದರೂ ಅದು ನಿಜ. ವ್ಯತ್ಯಾಸ ಇರುವುದು ನಗೆ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ. ಲುಬಿಚ್‌ನ ನಗೆಯಲ್ಲಿ ಗಂಡಿಗೂ ಹೆಣ್ಣಿಗೂ ಸಮಪಾಲು. ನಮ್ಮ ಹಾಸ್ಯಜೋಡಿಯ ಮಾತಿನಲ್ಲಿ ಬಹುತೇಕ ಸಲ ಹೆಣ್ಣಿನ ಮೈಯೇ ಗುರಿ, ಅವಳಿಗೆ ತಿರುಗಿ ಕೊಡುವ ಪಾಳಿ ಸಿಕ್ಕಾಗ ಮಾತ್ರ ದೃಶ್ಯಕ್ಕೆ ಕಳೆ.

ಇದಕ್ಕಿಂತ ಗಂಭೀರ ಆಕ್ಷೇಪ ಇಡೀ ಕಥಾವರ್ಗದ ಮೇಲೆಯೇ ಇದೆ. ಜಗಳಗಂಟಿಯನ್ನು ಪಳಗಿಸುವ ಕಥೆಯನ್ನು ಪ್ರೇಮಕಥೆ ಎನ್ನುವುದು ಹೇಗೆ? ‘ದಿ ಫಿಲಡೆಲ್ಫಿಯಾ ಸ್ಟೋರಿ’ ಶುರುವಾಗುವುದೇ ಗ್ರಾಂಟ್ ಕ್ಯಾಥರೀನ್ ಹೆಪ್‌ಬರ್ನ್‌ಳ ಮುಖಕ್ಕೆ ಕೈಯಿಟ್ಟು ಕೆಡಹುವುದರಿಂದ, ಮುಂದಿನ ಕಥೆಯುದ್ದ ಎಲ್ಲ ಗಂಡಸರೂ ಸರದಿಯ ಮೇಲೆ ಅವಳಿಗೆ ಬುದ್ಧಿ ಹೇಳುತ್ತಾರೆ. ಕನ್ನಡದ ಚಿತ್ರಗಳಲ್ಲಿ ಗರ್ವ ಇಳಿಯುವುದು ಎಂದರೆ ಹೆಣ್ಣಿನ ಗರ್ವವೇ. ಈ ಆಕ್ಷೇಪವನ್ನು ತಳ್ಳಿಹಾಕಲು ನನ್ನಲ್ಲಿ ಉತ್ತರವಿಲ್ಲ, ಕೊನೆಯ ದೃಶ್ಯಗಳನ್ನಷ್ಟೇ ನೋಡಿದರೆ ಅದು ಪೂರ್ತಿ ಸರಿ. ಆದರೆ ಪ್ರೇಕ್ಷಕರು ಕೊನೆಯ ದೃಶ್ಯಕ್ಕೆ ದುಡ್ಡು ಕೊಟ್ಟು ಬರುವುದಿಲ್ಲ. 1929ರಲ್ಲಿ ಹಾಲಿವುಡ್ ‘ಟೇಮಿಂಗ್ ಆಫ್ ದಿ ಶ್ರೂ’ವನ್ನು ವಾಕ್ಚಿತ್ರ ಮಾಡಿದಾಗ ಮೇರಿ ಪಿಕ್‌ಫರ್ಡ್ ಗಂಡನಿಗೆ ವಿಧೇಯಳಾಗಿರಬೇಕೆಂಬ ಆ ದೀರ್ಘ ಭಾಷಣವನ್ನು ಒಪ್ಪಿಸಿ, ತಂಗಿಯತ್ತ ತಿರುಗಿ ಕಣ್ಣು ಮಿಟುಕಿಸಿದಳು, ಮುನ್ನೂರು ವರ್ಷದ ಉಪದೇಶ ಆ ಒಂದು ರೆಪ್ಪೆಯಲ್ಲಿ ತಲೆಕೆಳಗಾಯಿತು. ಕನ್ನಡದಲ್ಲಿ ಆ ಕಣ್ಣುಮಿಟುಕು ಕಥೆಯ ಒಳಗಲ್ಲ, ಕಥೆಯ ಹೊರಗೆ ನಡೆಯಿತು. ‘ನಂಜುಂಡಿ ಕಲ್ಯಾಣ’ ಸೊಕ್ಕು ಮುರಿಯುವ ಕಥೆ, ಆದರೆ ಆ ಚಿತ್ರದಿಂದ ತಾರೆಯಾಗಿ ಮೇಲೆದ್ದದ್ದು ಸೊಕ್ಕಿನವಳಾಗಿ ನಟಿಸಿದ ಹೊಸ ಹುಡುಗಿ ಮಾಲಾಶ್ರೀ. ಮುಂದಿನ ವರ್ಷಗಳಲ್ಲಿ ಆಕೆ ಹೊಡೆದಾಟದ ಚಿತ್ರಗಳನ್ನು ಒಬ್ಬಳೇ ಹೊತ್ತು ನಡೆಸಿದಳು, ಜನ ಆಕೆಯಲ್ಲಿ ಬಯಸಿದ್ದು ಪಳಗಿದ ಹೆಂಡತಿಯನ್ನಲ್ಲ. ಮಂಜುಳಾ ವಿಷಯದಲ್ಲಿಯೂ ಅಷ್ಟೆ. ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮ‍ೆಯ ಮೇಲೆ ಕೂತು ರಾಜಕುಮಾರ್ ಹಾಡುವ ಹಾಡು ಅವರ ಗಾಯನಕ್ಕೆ ಹೊಸ ದಾರಿ ತೆರೆಯಿತು, ಅದು ಚರಿತ್ರೆ, ಆದರೆ ಅವರೆದುರು ಸರಿಸಮನಾಗಿ ದನಿಯೇರಿಸಿ ನಿಲ್ಲುವ ಮಂಜುಳಾರ ದುರ್ಗಾ ಇಲ್ಲದಿದ್ದರೆ ಸವಾಲಿಗೆ ಅರ್ಥವೇ ಇರುತ್ತಿರಲಿಲ್ಲ.

ಇನ್ನು ಉಳಿದದ್ದು ಯಾವ ಗೋಡೆ ಎಂಬ ಪ್ರಶ್ನೆ. ಈ ಕಥೆಗಳು ಬೀಳಿಸುವ ಗೋಡೆ ಎಲ್ಲ ಕಡೆಯೂ ಹಣದ್ದೇ: ಅಲ್ಲಿ ಕೋಟ್ಯಧೀಶನ ಮಗಳು ಮತ್ತು ಪತ್ರಕರ್ತ, ಇಲ್ಲಿ ಸಾವಕಾರನ ಮಗಳು ಮತ್ತು ಬಡವ. ಆರ್ಥಿಕ ಕುಸಿತದ ಕಾಲದ ಅಮೆರಿಕಕ್ಕೆ ಆ ನಗೆ ಬೇಕಾಗಿತ್ತು, ಸಾಲದಲ್ಲಿ ಬೆಂದ ನಮ್ಮ ಎರೆಸೀಮೆಯ ಒಕ್ಕಲಿಗೂ ಬೇಕಾಗಿತ್ತು. ಬೇರೆ ಗೋಡೆಗಳ ಹತ್ತಿರ ಎರಡೂ ಸುಳಿಯಲಿಲ್ಲ. ಹೇಯ್ಸ್ ಸಂಹಿತೆ ಬಿಳಿಯರು ಮತ್ತು ಕರಿಯರ ನಡುವಿನ ಸಂಬಂಧವನ್ನು ಹೆಸರಿಟ್ಟೇ ನಿಷೇಧಿಸಿತ್ತು. ಅಂಥ ಜೋಡಿಯನ್ನು ನಗೆಯೊಡನೆ ಊಟದ ಮೇಜಿಗೆ ಕರೆದ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ಬಂದದ್ದು 1967ರ ಡಿಸೆಂಬರಿನಲ್ಲಿ, ಅಂಥ ಮದುವೆಗಳನ್ನು ತಡೆಯುವ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ಅದೇ ವರ್ಷದ ಜೂನ್‌ನಲ್ಲಿ ರದ್ದು ಮಾಡಿದ ನಂತರ. ಕನ್ನಡದಲ್ಲಿ ಜಾತಿ ಮೀರಿದ ಮದುವೆಯ ಮೂಲಕಥೆ ಹನ್ನೆರಡನೇ ಶತಮಾನದ ಕಲ್ಯಾಣದ್ದು, ಹರಳಯ್ಯನ ಮಗ ಮತ್ತು ಮಧುವರಸನ ಮಗಳದ್ದು. ಆ ಕಲ್ಯಾಣಕ್ಕೆ ಲಂಕೇಶ್ ‘ಸಂಕ್ರಾಂತಿ’ಯಲ್ಲಿ, ಎಚ್.ಎಸ್. ಶಿವಪ್ರಕಾಶ್ ‘ಮಹಾಚೈತ್ರ’ದಲ್ಲಿ, ಗಿರೀಶ ಕಾರ್ನಾಡ್ ‘ತಲೆದಂಡ’ದಲ್ಲಿ ಮರಳಿ ಹೋದರು, ಮೂರೂ ರಕ್ತದಲ್ಲಿ ಮುಗಿಯುವ ನಾಟಕಗಳು. ಮಾವ ಒಪ್ಪಿ, ಅತ್ತೆ ಗೊಣಗಿ, ಹಾಸ್ಯಜೋಡಿ ನಡುವೆ ತಲೆಹಾಕಿ, ಕೊನೆಗೆ ಅಕ್ಷತೆ ಬೀಳುವ ಹಾಗೆ ಆ ಮದುವೆಯನ್ನು ಬರೆಯುವ ಧೈರ್ಯವನ್ನು ಕಂಪನಿಯ ಕವಿಗಳೂ ಮಾಡಲಿಲ್ಲ, ಗಾಂಧಿನಗರದವರೂ ಮಾಡಲಿಲ್ಲ.